ಕ್ಯಾಂಪ್ ನೆಲ್ಸನ್, ನವೆಂಬರ್ 1864: ಸೈನಿಕನ ಹೆಂಡತಿ ಯಾರ ಸ್ವತ್ತು?

1864ರ ನವೆಂಬರ್ 26. ಅಮೆರಿಕದ ಕೆಂಟಕಿ ರಾಜ್ಯದ ಒಂದು ಸೇನಾ ಶಿಬಿರ. ಜೋಸೆಫ್ ಮಿಲ್ಲರ್ ಎಂಬ ಸೈನಿಕ ಒಬ್ಬ ಕ್ಯಾಪ್ಟನ್ ಮುಂದೆ ನಿಂತು, ಪ್ರಮಾಣ ಮಾಡಿ ಹೇಳಿಕೆ ಕೊಟ್ಟ. ಅಕ್ಟೋಬರ್ ಮಧ್ಯದವರೆಗೆ ಅವನು ಗುಲಾಮನಾಗಿದ್ದವನು. ಅವನು ಹೇಳಿದ್ದನ್ನು ಬೇರೆಯವರು ಬರೆದುಕೊಂಡರು. ಕೆಳಗೆ ಅವನು ಒಂದು ಗುರುತು ಹಾಕಿದ, ನಮ್ಮಲ್ಲಿ ಹೆಬ್ಬೆಟ್ಟು ಒತ್ತುವ ಹಾಗೆ.

ಆ ಅಫಿಡವಿಟ್ ಇವತ್ತಿಗೂ ಉಳಿದಿದೆ. ಅದರಲ್ಲಿ ಬೈಗುಳ ಇಲ್ಲ, ಗೋಳಾಟ ಇಲ್ಲ. ಎಷ್ಟು ಗಂಟೆಗೆ ಏನಾಯಿತು, ಯಾರು ಏನಂದರು, ತಾನು ಎಷ್ಟು ಮೈಲಿ ನಡೆದೆ, ಇಷ್ಟೇ ಇದೆ. ಹೆಂಡತಿಯ ಹೆಸರು ಇಲ್ಲ. ಮಕ್ಕಳ ಹೆಸರೂ ಇಲ್ಲ. ಮಕ್ಕಳ ವಯಸ್ಸು ಮಾತ್ರ ಇದೆ: ಹತ್ತು, ಒಂಬತ್ತು, ಏಳು, ನಾಲ್ಕು.

ಲಿಂಕನ್ 1863ರ ಜನವರಿ 1ರಂದು ಗುಲಾಮರನ್ನು ಬಿಡುಗಡೆ ಮಾಡಿದ ಅಂತ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ ಅಲ್ವಾ? ಹಾಗಾದರೆ ಅದಾಗಿ ಸುಮಾರು ಎರಡು ವರ್ಷದ ಮೇಲೆ, ಲಿಂಕನ್‌ನ ಸೇನೆಯ ಶಿಬಿರದಲ್ಲೇ, ಅದೇ ಸೇನೆಯ ಸೈನಿಕನ ಹೆಂಡತಿ ಇನ್ನೊಬ್ಬರ ಸ್ವತ್ತು ಹೇಗಾಗಿದ್ದಳು? ಅವಳನ್ನೂ ಮಕ್ಕಳನ್ನೂ ಚಳಿಯಲ್ಲಿ ಹೊರಗೆ ಹಾಕಿದ್ದು ಶತ್ರು ಸೈನ್ಯವಲ್ಲ, ಗಂಡನ ಸೈನ್ಯವೇ. ಇದು ಹೇಗಾಯಿತು ಅನ್ನುವುದೇ ಈ ಪ್ರಕರಣ.

ಎರಡು ದೋಣಿಯಲ್ಲಿ ಕಾಲಿಟ್ಟ ರಾಜ್ಯ

1860ರ ಕೊನೆಗೆ ಮತ್ತು 1861ರಲ್ಲಿ ಗುಲಾಮಗಿರಿ ಉಳಿಸಿಕೊಳ್ಳಲು ದಕ್ಷಿಣದ ಹನ್ನೊಂದು ರಾಜ್ಯಗಳು ಒಕ್ಕೂಟದಿಂದ, ಅಂದರೆ ಅಮೆರಿಕ ಸಂಯುಕ್ತ ಸಂಸ್ಥಾನದಿಂದ, ಹೊರಗೆ ಹೋದವು; ಅಂತರ್ಯುದ್ಧ ಶುರುವಾಯಿತು. ಕೆಂಟಕಿ ಹೋಗಲಿಲ್ಲ. ಆದರೆ ಗುಲಾಮಗಿರಿಯನ್ನೂ ಬಿಡಲಿಲ್ಲ. 1860ರ ಜನಗಣತಿಯ ಪ್ರಕಾರ ಅಲ್ಲಿ 2,25,483 ಗುಲಾಮರಿದ್ದರು. ರಾಜ್ಯದ ಜನರಲ್ಲಿ ಹೆಚ್ಚು ಕಡಿಮೆ ಐದರಲ್ಲಿ ಒಬ್ಬರು ಅನ್ನಿ.

ಕೆಂಟಕಿ ಕೈತಪ್ಪಿದರೆ ಯುದ್ಧವೇ ಕೈತಪ್ಪಿದ ಹಾಗೆ ಎಂಬ ಭಯ ಲಿಂಕನ್‌ಗೆ ಮೊದಲಿನಿಂದಲೂ ಇತ್ತು. ಓಹಿಯೋ ನದಿಯ ದಡ ಅಲ್ಲಿತ್ತು, ದಕ್ಷಿಣಕ್ಕೆ ಹೋಗುವ ದಾರಿಗಳು ಅಲ್ಲಿದ್ದವು. ಆದ್ದರಿಂದ ಅಲ್ಲಿನ ಒಡೆಯರ ಮನಸ್ಸು ಕೆಡಿಸಬಾರದು ಎಂದು ಸರಕಾರ ಹೆಜ್ಜೆ ಹೆಜ್ಜೆಗೂ ಎಚ್ಚರ ವಹಿಸುತ್ತಿತ್ತು. 1863ರ ಘೋಷಣೆ ಬಂಡೆದ್ದ ಪ್ರದೇಶಗಳಿಗೆ ಮಾತ್ರ ಅನ್ವಯಿಸಿತು. ಒಕ್ಕೂಟದ ಜೊತೆಗೇ ಉಳಿದ ಕೆಂಟಕಿಗೆ ಅನ್ವಯಿಸಲೇ ಇಲ್ಲ. ಅಂದರೆ ಮಿಸಿಸಿಪ್ಪಿಯ ಗುಲಾಮನಿಗೆ ಕಾಗದದ ಮೇಲೆ ಬಿಡುಗಡೆ, ಕೆಂಟಕಿಯ ಗುಲಾಮನಿಗೆ ಅದೂ ಇಲ್ಲ. ಈ ಒಂದು ಸಂಗತಿ ಗೊತ್ತಿಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಶಿಬಿರ

ಕ್ಯಾಂಪ್ ನೆಲ್ಸನ್ ಶುರುವಾಗಿದ್ದು 1863ರ ಬೇಸಿಗೆಯಲ್ಲಿ. ಲೆಕ್ಸಿಂಗ್ಟನ್ ಊರಿನ ದಕ್ಷಿಣಕ್ಕೆ, ಜೆಸ್ಸಮೈನ್ ಕೌಂಟಿಯಲ್ಲಿ. ಒಂದು ಕಡೆ ಕೆಂಟಕಿ ನದಿ, ಇನ್ನೊಂದು ಕಡೆ ಹಿಕ್ಮನ್ ಹಳ್ಳ. ಎರಡರ ದಡದಲ್ಲೂ ಕಡಿದಾದ ಬಂಡೆಗೋಡೆಗಳು. ಶತ್ರು ಬರಬೇಕಾದರೆ ಉತ್ತರದ ಕಡೆಯಿಂದ ಮಾತ್ರ ಸಲೀಸು. ಸುಮಾರು 4,000 ಎಕರೆ ಜಾಗ, 300ಕ್ಕೂ ಜಾಸ್ತಿ ಕಟ್ಟಡಗಳು: ಉಗ್ರಾಣ, ಲಾಯ, ಬೇಕರಿ, ಆಸ್ಪತ್ರೆ, ಕಮ್ಮಾರಸಾಲೆ. ಪೂರ್ವ ಟೆನೆಸ್ಸಿ ಕಡೆಗೆ ಹೋಗುವ ಸೈನ್ಯಕ್ಕೆ ದವಸ, ಕುದುರೆ, ಮದ್ದುಗುಂಡು ಇಲ್ಲಿಂದಲೇ ಹೋಗುತ್ತಿತ್ತು.

ಇದನ್ನು ಕಟ್ಟಿದವರಲ್ಲಿ ಎಷ್ಟೋ ಜನ ಗುಲಾಮರು. ಸೇನೆ ಅವರನ್ನು ಒಡೆಯರಿಂದ ಬಲವಂತವಾಗಿ ಕೆಲಸಕ್ಕೆ ತೆಗೆದುಕೊಂಡಿತ್ತು. ರಸ್ತೆ ಮಾಡಿದವರು, ಕೋಟೆಯ ಮಣ್ಣು ಹೊತ್ತವರು ಅವರು. ಕೂಲಿ ಹೋಗುತ್ತಿದ್ದುದು ಒಡೆಯನ ಕೈಗೆ.

1864ರ ಫೆಬ್ರವರಿಯಲ್ಲಿ ಕಾಯ್ದೆ ಬದಲಾಯಿತು. ಒಕ್ಕೂಟಕ್ಕೆ ನಿಷ್ಠರಾದ ರಾಜ್ಯಗಳಲ್ಲೂ ಗುಲಾಮರನ್ನು ಸೇನೆಗೆ ಸೇರಿಸಿಕೊಳ್ಳಬಹುದು. ಸೇರಿದವನಿಗೆ ಬಿಡುಗಡೆ. ನಿಷ್ಠನಾದ ಒಡೆಯನಿಗೆ 300 ಡಾಲರ್‌ವರೆಗೆ ಪರಿಹಾರ. ಮೊದಲಿಗೆ ಒಡೆಯನ ಒಪ್ಪಿಗೆ ಬೇಕಿತ್ತು. ಆದರೆ ಜನ ಒಪ್ಪಿಗೆಗೆ ಕಾಯಲಿಲ್ಲ. ಮೇ ಕೊನೆಯಲ್ಲಿ ಡ್ಯಾನ್ವಿಲ್ ಊರಿನಿಂದ ಸುಮಾರು 250 ಕಪ್ಪು ಜನ ಒಟ್ಟಾಗಿ ಕ್ಯಾಂಪ್ ನೆಲ್ಸನ್ ಕಡೆಗೆ ನಡೆದರು. ಊರವರು ಅವರ ಮೇಲೆ ಕಲ್ಲು ಎಸೆದರು, ಪಿಸ್ತೂಲು ಹಾರಿಸಿದರು. ಆದರೂ ಅವರು ಬಂದು ಸೇರಿದರು. ಜೂನ್ ಹೊತ್ತಿಗೆ ಒಪ್ಪಿಗೆಯ ಷರತ್ತು ಬಿದ್ದುಹೋಯಿತು. ಯುದ್ಧ ಮುಗಿಯುವುದರೊಳಗೆ ಈ ಒಂದು ಶಿಬಿರದಲ್ಲೇ 10,000ಕ್ಕೂ ಹೆಚ್ಚು ಕಪ್ಪು ಸೈನಿಕರು ಸೇರಿದರು. ಇಡೀ ಕೆಂಟಕಿಯಿಂದ ಸೇರಿದವರು ಸುಮಾರು 23,700. ಲೂಸಿಯಾನಾ ಬಿಟ್ಟರೆ ಬೇರೆ ಯಾವ ರಾಜ್ಯದಿಂದಲೂ ಇಷ್ಟು ಜನ ಬರಲಿಲ್ಲ.

ಇಲ್ಲೇ ಆ ಕಾಯ್ದೆಯ ತೂತು ಇತ್ತು. ಸೈನ್ಯಕ್ಕೆ ಸೇರಿದ ಗಂಡಸಿಗೆ ಬಿಡುಗಡೆ. ಅವನ ಹೆಂಡತಿಗೆ? ಮಕ್ಕಳಿಗೆ? ತಾಯಿಗೆ? ಅವರ ಬಗ್ಗೆ ಒಂದು ಸಾಲೂ ಇರಲಿಲ್ಲ.

ಬಿಟ್ಟು ಬಂದವರ ಪಾಡು

ಆಳು ಕೈತಪ್ಪಿ ಹೋದ ಎಂಬ ಸಿಟ್ಟನ್ನು ಒಡೆಯರು ಮನೆಯಲ್ಲಿ ಉಳಿದವರ ಮೇಲೆ ತೀರಿಸಿಕೊಂಡರು. ಗಂಡ ಮಾಡುತ್ತಿದ್ದ ಹೊಲದ ಕೆಲಸವನ್ನು ಹೆಂಡತಿಯ ತಲೆಗೆ ಕಟ್ಟಿದರು. ಹೊಡೆದರು. ಕೆಲವರು ತಾಯಿ ಮಕ್ಕಳನ್ನು ಮನೆಯಿಂದಲೇ ಅಟ್ಟಿದರು.

ಪ್ಯಾಟ್ಸಿ ಲೀಚ್ ಎಂಬ ಹೆಣ್ಣುಮಗಳ ಹೇಳಿಕೆಯನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾರೆ. ಅವಳ ಗಂಡ 5ನೇ ಕಪ್ಪು ಅಶ್ವದಳದಲ್ಲಿದ್ದ. 1864ರ ಅಕ್ಟೋಬರ್ 2ರಂದು ವರ್ಜೀನಿಯಾದ ಸಾಲ್ಟ್‌ವಿಲ್‌ನಲ್ಲಿ ನಡೆದ ಕಾಳಗದಲ್ಲಿ ಸತ್ತ. ಹೋಗುವ ದಾರಿಯಲ್ಲಿ ಬಿಳಿ ಸೈನಿಕರು ಈ ದಳವನ್ನು ಗೇಲಿ ಮಾಡುತ್ತಿದ್ದರಂತೆ. ಕಾಳಗ ನೋಡಿದ ಮೇಲೆ, ವಾಪಸ್ ಬರುವಾಗ ಯಾರೂ ತುಟಿ ಬಿಚ್ಚಲಿಲ್ಲ ಎಂದು ಒಬ್ಬ ಕರ್ನಲ್ ವರದಿ ಬರೆದ. ಗಾಯಗೊಂಡು ಬಿದ್ದಿದ್ದ ಕಪ್ಪು ಸೈನಿಕರನ್ನು ದಕ್ಷಿಣದವರು ಮಾರನೇ ದಿನ ಗುಂಡಿಕ್ಕಿ ಕೊಂದರು. ಇತ್ತ ಊರಿನಲ್ಲಿ ಪ್ಯಾಟ್ಸಿಯ ಒಡೆಯ, ನಿನ್ನ ಗಂಡ ಬಿಳಿಯರ ವಿರುದ್ಧ ಹೋರಾಡೋಕೆ ಹೋದ, ಅವನನ್ನು ಹೋಗಲು ಬಿಟ್ಟಿದ್ದಕ್ಕೆ ನಿನಗೆ ಬುದ್ಧಿ ಕಲಿಸುತ್ತೇನೆ ಎಂದು ಅವಳ ಬರಿ ಬೆನ್ನಿಗೆ ಚಾಟಿಯಲ್ಲಿ ಹೊಡೆದ. ಅವಳು ಐದು ಮಕ್ಕಳಲ್ಲಿ ಎಲ್ಲರಿಗಿಂತ ಚಿಕ್ಕ ಕೂಸನ್ನು ಎತ್ತಿಕೊಂಡು ಓಡಿದಳು. ಉಳಿದ ನಾಲ್ವರನ್ನು ಅದೇ ಮನೆಯಲ್ಲಿ ಬಿಟ್ಟು ಓಡಬೇಕಾಯಿತು.

ಇದೆಲ್ಲ ಊರೂರಲ್ಲಿ ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಗಂಡಸರು ಒಬ್ಬರೇ ಬರಲಿಲ್ಲ, ಸಂಸಾರ ಕಟ್ಟಿಕೊಂಡೇ ಬಂದರು. ಜೋಸೆಫ್ ಮಿಲ್ಲರ್ ಕೂಡ ಹಾಗೇ ಬಂದವನು. ಲಿಂಕನ್ ಕೌಂಟಿಯಲ್ಲಿದ್ದ ಅವನ ಒಡೆಯ ಮೊದಲೇ ಹೇಳಿದ್ದ: ನೀನು ಸೈನ್ಯಕ್ಕೆ ಸೇರಿದರೆ ನಿನ್ನ ಹೆಂಡತಿ ಮಕ್ಕಳಿಗೆ ನಾನು ಅನ್ನ ಹಾಕುವುದಿಲ್ಲ. ಅಕ್ಟೋಬರ್ ಮಧ್ಯದಲ್ಲಿ ಆರು ಜನ ಶಿಬಿರಕ್ಕೆ ಬಂದರು. ಬಟ್ಟೆಬರೆ ಬಹುಪಾಲು ಒಡೆಯನ ಮನೆಯಲ್ಲೇ ಉಳಿಯಿತು. ಸೇರಿಸಿಕೊಳ್ಳುತ್ತಿದ್ದ ಲೆಫ್ಟಿನೆಂಟ್, ಶಿಬಿರದ ಗಡಿಯೊಳಗೆ ಒಂದು ಡೇರೆಯಲ್ಲಿ ಸಂಸಾರ ಇಟ್ಟುಕೋ ಎಂದು ತಾನಾಗಿ ಹೇಳಿದ. ಮಿಲ್ಲರ್ 124ನೇ ಕಪ್ಪು ಕಾಲ್ದಳದ ಸೈನಿಕನಾದ.

ಆ ಲೆಫ್ಟಿನೆಂಟ್‌ನ ಮಾತು ನನಗೆ ಮುಖ್ಯವಾಗಿ ಕಾಣುತ್ತದೆ. ಮಿಲ್ಲರ್ ಸಂಸಾರ ಕದ್ದು ಮುಚ್ಚಿ ಒಳಗೆ ನುಗ್ಗಿದ್ದಲ್ಲ. ಸೇನೆಗೆ ಆಳು ಬೇಕಿತ್ತು, ಆಳಿಗೆ ಸಂಸಾರದ ಚಿಂತೆ ಇತ್ತು. ಅಧಿಕಾರಿಯೊಬ್ಬ ಜಾಗ ಕೊಟ್ಟ, ಇವನು ನಂಬಿ ಸೇರಿದ.

ಡೇರೆಗಳ ಆಚೆ ಹೆಂಗಸರು ತಾವೇ ಗುಡಿಸಲು ಕಟ್ಟಿಕೊಂಡಿದ್ದರು. ಸೈನಿಕರ ಬಟ್ಟೆ ಒಗೆಯುತ್ತಿದ್ದರು, ಅಡುಗೆ ಮಾಡುತ್ತಿದ್ದರು. ಅವರು ಯಾರಿಗೂ ಭಾರವಾಗಿ ಕುಳಿತಿರಲಿಲ್ಲ. ದುಡಿದು ತಿನ್ನುತ್ತಿದ್ದರು.

ನವೆಂಬರ್ 22ರ ಸಂಜೆ

ಶಿಬಿರದ ಮುಖ್ಯಸ್ಥ ಬ್ರಿಗೇಡಿಯರ್ ಜನರಲ್ ಸ್ಪೀಡ್ ಫ್ರೈ. ಕೆಂಟಕಿಯವನೇ, ಡ್ಯಾನ್ವಿಲ್ ಕಡೆಯವನು. ಹೆಂಗಸರನ್ನೂ ಮಕ್ಕಳನ್ನೂ ಹೊರಗೆ ಕಳಿಸುವ ಆದೇಶವನ್ನು ಅವನು ಆ ವರ್ಷದ ಬೇಸಿಗೆಯಿಂದಲೇ ಹಲವು ಸಲ ಹೊರಡಿಸಿದ್ದ. ಅಟ್ಟಿದವರು ಮತ್ತೆ ಬರುತ್ತಿದ್ದರು. ಬೇರೆಲ್ಲಿಗೆ ಹೋಗುತ್ತಾರೆ? ಈ ಸಲ ಪೂರ್ತಿ ಖಾಲಿ ಮಾಡಿಸಬೇಕು ಎಂದು ತೀರ್ಮಾನವಾಯಿತು. ಆಗ ಚಳಿಗಾಲ ಕಾಲಿಟ್ಟಿತ್ತು.

ಮುಂದಿನದನ್ನು ಮಿಲ್ಲರ್ ಹೇಳಿದ ಕ್ರಮದಲ್ಲೇ ಹೇಳುತ್ತೇನೆ.

ಮಂಗಳವಾರ ಸಂಜೆ ಸುಮಾರು ಆರು ಗಂಟೆಗೆ ಕುದುರೆ ಮೇಲೆ ಒಬ್ಬ ಕಾವಲಿನವನು ಬಂದ. ಬೆಳಗಾಗುವುದರೊಳಗೆ ಶಿಬಿರ ಬಿಡಬೇಕು ಎಂದು ಹೆಂಡತಿಗೆ ಹೇಳಿ ಹೋದ. ಏಳು ವರ್ಷದ ಹುಡುಗನಿಗೆ ಜೋರು ಕಾಯಿಲೆಯಾಗಿ, ಆಗಷ್ಟೇ ನಿಧಾನವಾಗಿ ಚೇತರಿಸಿಕೊಳ್ಳುತ್ತಿದ್ದ. ಹೋಗಲು ಜಾಗವಿಲ್ಲದೆ ಅವಳು ಅಲ್ಲೇ ಉಳಿದಳು.

ಬುಧವಾರ ಬೆಳಗ್ಗೆ ಎಂಟಕ್ಕೆ ಕಾವಲಿನವರು ಗಾಡಿ ಸಮೇತ ಬಂದರು. ನೀರು ಹೆಪ್ಪುಗಟ್ಟುವ ಚಳಿ, ಬಿರುಸು ಗಾಳಿ. ಮಿಲ್ಲರ್ ಮೂರು ಮಾತು ಹೇಳಿದ. ಈ ಚಳಿಯಲ್ಲಿ ಹೊರಗೆ ತೆಗೆದರೆ ನನ್ನ ಮಗ ಸಾಯುತ್ತಾನೆ. ನನ್ನ ಹೆಂಡತಿ ಮಕ್ಕಳಿಗೆ ಹೋಗಲು ಜಾಗವಿಲ್ಲ. ನಾನು ಅಮೆರಿಕ ಸಂಯುಕ್ತ ಸಂಸ್ಥಾನದ ಸೈನಿಕ. ಅದರಿಂದ ಏನೂ ವ್ಯತ್ಯಾಸವಾಗುವುದಿಲ್ಲ, ಎಲ್ಲರನ್ನೂ ಹೊರಗೆ ಹಾಕಲು ಆದೇಶವಿದೆ ಎಂದ ಕಾವಲಿನವನು. ಗಾಡಿ ಹತ್ತದಿದ್ದರೆ ಒಬ್ಬರನ್ನೂ ಬಿಡದೆ ಗುಂಡು ಹೊಡೆಯುತ್ತೇನೆ ಎಂದು ಹೆದರಿಸಿದ. ಅವರು ಹತ್ತಿದರು. ತಾಯಿ ಕಾಯಿಲೆ ಮಗನನ್ನು ತೋಳಲ್ಲಿ ಎತ್ತಿಕೊಂಡಿದ್ದಳು. ಅವಳ ಮೈಮೇಲೆ ಸರಿಯಾದ ಬಟ್ಟೆ ಇರಲಿಲ್ಲ. ಮಿಲ್ಲರ್ ಶಿಬಿರದ ಗಡಿಯವರೆಗೆ ಗಾಡಿಯ ಹಿಂದೆ ನಡೆದ. ಅದರಾಚೆ ಎಲ್ಲಿಗೆ ಕರೆದೊಯ್ಯುತ್ತಾರೆ ಎಂಬುದೂ ಅವನಿಗೆ ತಿಳಿಯಲಿಲ್ಲ.

ರಾತ್ರಿ ಹುಡುಕಿಕೊಂಡು ಹೊರಟ. ಆರು ಮೈಲಿ ದೂರದ ನಿಕೊಲಸ್‌ವಿಲ್‌ನಲ್ಲಿ, ಕಪ್ಪು ಜನರ ಒಂದು ಹಳೆಯ ಪ್ರಾರ್ಥನಾ ಮನೆಯಲ್ಲಿ ಸಿಕ್ಕರು. ಅಷ್ಟು ಜನರಿಗೆ ಒಂದೇ ಒಲೆ. ಇವನ ಹೆಂಡತಿ ಮಕ್ಕಳಿಗೆ ಬೆಂಕಿಯ ಹತ್ತಿರ ಹೋಗಲೂ ಆಗಿರಲಿಲ್ಲ. ಇಡೀ ದಿನ ಒಂದು ತುತ್ತು ಊಟ ಸಿಕ್ಕಿರಲಿಲ್ಲ. ಹುಡುಗ ಸತ್ತಿದ್ದ. ಗಾಡಿಯಿಂದ ಇಳಿಸಿದ ಕೂಡಲೇ ಪ್ರಾಣ ಹೋಗಿತ್ತು.

ಮಿಲ್ಲರ್‌ಗೆ ಆ ರಾತ್ರಿಯೇ ಶಿಬಿರಕ್ಕೆ ಮರಳಬೇಕಿತ್ತು. ಅವನು ಸೈನಿಕ ಅಲ್ವಾ. ಮತ್ತೆ ಆರು ಮೈಲಿ ನಡೆದ. ಒಟ್ಟು ಹನ್ನೆರಡು ಮೈಲಿ ಎಂದು ಲೆಕ್ಕ ಕೊಡುತ್ತಾನೆ. ಬೆಳಗ್ಗೆ ಮತ್ತೆ ನಿಕೊಲಸ್‌ವಿಲ್‌ಗೆ ನಡೆದು ಹೋಗಿ, ತಾನೇ ಗುಂಡಿ ತೋಡಿ, ತನ್ನ ಮಗನನ್ನು ಮಣ್ಣು ಮಾಡಿದ. ಉಳಿದವರನ್ನು ಅದೇ ಪ್ರಾರ್ಥನಾ ಮನೆಯಲ್ಲಿ ಬಿಟ್ಟು ಬಂದೆ, ಈಗಲೂ ಅಲ್ಲೇ ಇದ್ದಾರೆ ಎಂದು ಹೇಳಿ ಮಾತು ಮುಗಿಸುತ್ತಾನೆ.

ಆ ವಾರ ಹೀಗೆ ಹೊರಗೆ ಹಾಕಿಸಿಕೊಂಡವರು ಸುಮಾರು 400 ಹೆಂಗಸರು ಮತ್ತು ಮಕ್ಕಳು. ಮತ್ತೆ ಬಂದು ಸೇರದಂತೆ ಅವರ ಗುಡಿಸಲುಗಳನ್ನು ಕೆಡವಿದರು, ಸುಟ್ಟರು. ಆ 400 ಜನರಲ್ಲಿ 102 ಮಂದಿ ಸತ್ತರು.

ಇದು ಯಾರ ತಪ್ಪು?

ಇಡೀ ತಪ್ಪನ್ನು ಫ್ರೈ ಮೇಲೆ ಹಾಕಿ ಕೈತೊಳೆದುಕೊಳ್ಳುವುದು ಸುಲಭ. ಅವನ ಪಾಲು ಸಣ್ಣದಲ್ಲ. ಚಳಿಗಾಲದಲ್ಲಿ, ಊಟ ಸೂರು ಯಾವುದನ್ನೂ ಗೊತ್ತು ಮಾಡದೆ ಮಕ್ಕಳನ್ನು ಗಾಡಿಗೆ ತುಂಬಿಸಿದ ಆದೇಶ ಅವನದು. ಆದರೆ ಅವನ ಕಡೆಯ ವಾದವನ್ನೂ ನೋಡಬೇಕು. ಇದು ಸರಬರಾಜು ಶಿಬಿರ, ನಿರಾಶ್ರಿತರ ಊರಲ್ಲ. ಜನ ಒತ್ತಾದರೆ ರೋಗ ಹರಡುತ್ತದೆ. ಈ ಹೆಂಗಸರು ಕೆಂಟಕಿಯ ಕಾನೂನಿನ ಪ್ರಕಾರ ಈಗಲೂ ಗುಲಾಮರು. ಒಡೆಯರು ದಿನಾ ಬಾಗಿಲಿಗೆ ಬಂದು ಕೇಳುತ್ತಾರೆ, ಆ ಒಡೆಯರು ಒಕ್ಕೂಟದ ಪರ ಇರುವವರು. ಫ್ರೈ ಕಾನೂನು ಮುರಿಯಲಿಲ್ಲ, ಪಾಲಿಸಿದ. ನನಗೆ ಹೆಚ್ಚು ಹೆದರಿಕೆ ಹುಟ್ಟಿಸುವುದು ಇದೇ.

ನನ್ನ ಪ್ರಕಾರ ಈ ಮಗುವಿನ ಸಾವಿನ ಬೇರು ಫೆಬ್ರವರಿಯ ಕಾಯ್ದೆಯಲ್ಲಿದೆ. ಆ ಕಾಯ್ದೆ ಬರೆದವರು ಒಬ್ಬ ಗುಲಾಮನನ್ನು ನೋಡಿದಾಗ ಒಂದು ಜೊತೆ ತೋಳು, ಒಂದು ಬಂದೂಕು ಎಂದಷ್ಟೇ ಎಣಿಸಿದರು. ಅವನಿಗೆ ಹೆಂಡತಿ ಇರಬಹುದು, ಅವಳನ್ನು ಬಿಟ್ಟು ಅವನು ಬರಲಾರ ಎಂದು ಲೆಕ್ಕ ಹಾಕಲಿಲ್ಲ. ಗುಲಾಮನಿಗೆ ಸಂಸಾರವೆಂಬುದೇ ಇಲ್ಲ ಎಂದು ಒಡೆಯರ ಕಾನೂನು ಹೇಳುತ್ತಿತ್ತು. ಒಕ್ಕೂಟದ ಕಾಯ್ದೆ ಆ ಮಾತನ್ನು ಕೇಳದೆ ಒಪ್ಪಿಕೊಂಡಿತ್ತು.

ಕಾಗದ ಊರು ದಾಟಿತು

ಶಿಬಿರದಲ್ಲಿ ಎಲ್ಲರೂ ಸುಮ್ನೆ ಇರಲಿಲ್ಲ. ಥೆರಾನ್ ಹಾಲ್ ಎಂಬ ಕ್ಯಾಪ್ಟನ್ ಇದ್ದ. ಸರಬರಾಜು ವಿಭಾಗದಲ್ಲಿದ್ದವನು, ಮ್ಯಾಸಚುಸೆಟ್ಸ್ ಕಡೆಯವನು. ಜಾನ್ ಫೀ ಎಂಬ ಪಾದ್ರಿ ಇದ್ದ. ಕೆಂಟಕಿಯಲ್ಲೇ ಹುಟ್ಟಿ, ಗುಲಾಮಗಿರಿಯ ವಿರುದ್ಧ ಬೋಧಿಸಿ, ಊರವರಿಂದ ಹಲವು ಸಲ ಹೊಡೆಸಿಕೊಂಡು ಓಡಿಸಿಕೊಂಡವನು. ಬಿಳಿಯರೂ ಕಪ್ಪು ಜನರೂ ಒಟ್ಟಿಗೆ ಓದಿದ ಬೆರಿಯಾ ಕಾಲೇಜಿನ ಸ್ಥಾಪಕ ಅವನೇ. 1864ರ ಜುಲೈನಿಂದ ಶಿಬಿರದಲ್ಲಿ ಕಪ್ಪು ಸೈನಿಕರಿಗೆ ಅಕ್ಷರ ಕಲಿಸುತ್ತಿದ್ದ.

ಘಟನೆ ನಡೆದ ಮೂರೇ ದಿನಕ್ಕೆ ಸೈನಿಕರ ಹೇಳಿಕೆಗಳನ್ನು ಪ್ರಮಾಣ ಮಾಡಿಸಿ ಬರೆಸಿಕೊಳ್ಳಲು ಶುರು ಮಾಡಿದ್ದರು. ಇದನ್ನು ಯೋಚಿಸಿ ನೋಡಿ. ಕೆಂಟಕಿಯ ಕೋರ್ಟಿನಲ್ಲಿ ಕಪ್ಪು ಮನುಷ್ಯ ಬಿಳಿಯನ ವಿರುದ್ಧ ಸಾಕ್ಷಿ ಹೇಳುವಂತಿರಲಿಲ್ಲ. ಇಲ್ಲಿ, ಮಗನನ್ನು ಕಳೆದುಕೊಂಡು ಮೂರು ದಿನವಾದ ಒಬ್ಬ ಸಾಮಾನ್ಯ ಸೈನಿಕ ತನ್ನ ಜನರಲ್‌ನ ಆದೇಶದ ವಿರುದ್ಧ ಪ್ರಮಾಣ ಮಾಡಿ ಹೇಳಿದ. ಅಷ್ಟು ಧೈರ್ಯ ಅವನಿಗೆ ಎಲ್ಲಿಂದ ಬಂತೋ.

ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯಲ್ಲಿ ನವೆಂಬರ್ 28ರಂದು ಒಂದು ಪತ್ರ ಅಚ್ಚಾಯಿತು. ಬರೆದವರ ಹೆಸರಿನ ಬದಲು ಹ್ಯುಮ್ಯಾನಿಟಾಸ್ ಎಂಬ ಕಾವ್ಯನಾಮವಿತ್ತು. ಸೈನಿಕರ ಹೆಂಡತಿ ಮಕ್ಕಳಿಗೆ ಆದ ಗತಿಯನ್ನು ಅದು ಇಡೀ ಉತ್ತರಕ್ಕೆ ತಿಳಿಸಿತು. ಅಷ್ಟರಲ್ಲೇ ಕೆಂಟಕಿಯ ಸೇನಾ ಮುಖ್ಯಸ್ಥ ಬರ್ಬ್ರಿಜ್, ಇನ್ನು ಯಾರನ್ನೂ ಹೊರಗೆ ಹಾಕಕೂಡದು, ಬಂದವರಿಗೆ ಜಾಗ ಕೊಡಬೇಕು ಎಂದು ಫ್ರೈಗೆ ಆದೇಶ ಕಳಿಸಿದ. ಡಿಸೆಂಬರ್‌ನಲ್ಲಿ ಶಿಬಿರದೊಳಗೇ ಕಪ್ಪು ನಿರಾಶ್ರಿತರ ಆಶ್ರಯಧಾಮ ಶುರುವಾಯಿತು. ಮೇಲ್ವಿಚಾರಕನಾಗಿ ಹಾಲ್ ಬಂದ. ಹೊರಗೆ ಹಾಕಿಸಿಕೊಂಡವರಲ್ಲಿ ಸುಮಾರು 250 ಮಂದಿ ಮರಳಿ ಬಂದರು.

ವಾಷಿಂಗ್ಟನ್‌ನಲ್ಲಿ ಮ್ಯಾಸಚುಸೆಟ್ಸ್‌ನ ಸೆನೆಟರ್ ಹೆನ್ರಿ ವಿಲ್ಸನ್, ಸೈನಿಕರ ಹೆಂಡತಿ ಮಕ್ಕಳ ಬಿಡುಗಡೆಗೆ ಪಟ್ಟು ಹಿಡಿದಿದ್ದ. 1865ರ ಮಾರ್ಚ್ 3ರಂದು ಆ ಕಾಯ್ದೆ ಆಯಿತು. ಅದರಲ್ಲಿ ಒಂದು ಅಂಶ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆ ಇರಲಿಲ್ಲ. ಹಾಗಾದರೆ ಹೆಂಡತಿ ಅಂದರೆ ಯಾರು? ಗಂಡ ಹೆಂಡತಿಯಾಗಿ ಒಟ್ಟಿಗೆ ಬಾಳಿದ್ದರು ಎಂಬುದಕ್ಕೆ, ಅಥವಾ ಏನಾದರೂ ಮದುವೆ ಶಾಸ್ತ್ರ ಮಾಡಿಕೊಂಡಿದ್ದರು ಎಂಬುದಕ್ಕೆ ಸಾಕ್ಷಿ ಇದ್ದರೆ ಸಾಕು ಎಂದು ಕಾಯ್ದೆ ಹೇಳಿತು. ಒಡೆಯರ ಕಾನೂನು ಇಲ್ಲವೆಂದಿದ್ದ ಸಂಸಾರವನ್ನು ದೇಶದ ಕಾನೂನು ಇದೆ ಎಂದಿತು. ಆಮೇಲೆ ಕೆಂಟಕಿಯ ಗಂಡಸರು ಇನ್ನೂ ಹೆಚ್ಚಾಗಿ ಸೇನೆಗೆ ಬಂದರು. ಈಗ ಒಂದು ಗುರುತು ಹಾಕಿದರೆ ಇಡೀ ಸಂಸಾರಕ್ಕೆ ಬಿಡುಗಡೆ ಸಿಗುತ್ತಿತ್ತು. ಆದರೂ ಕೆಂಟಕಿಯಲ್ಲಿ ಗುಲಾಮಗಿರಿ ಪೂರ್ತಿ ಅಳಿಯಲು ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂವಿಧಾನದ 13ನೇ ತಿದ್ದುಪಡಿಯೇ ಬರಬೇಕಾಯಿತು. ಆ ತಿದ್ದುಪಡಿಯನ್ನೂ ಕೆಂಟಕಿಯ ಶಾಸನಸಭೆ ತಿರಸ್ಕರಿಸಿತ್ತು. ಒಪ್ಪಿಗೆ ಕೊಟ್ಟಿದ್ದು 1976ರಲ್ಲಿ.

ಆಶ್ರಯಧಾಮ

ಆಶ್ರಯಧಾಮ ಬಂತು, ಎಲ್ಲ ಸರಿಹೋಯಿತು ಎಂದು ಬರೆಯಲು ಆಗುವುದಿಲ್ಲ. ಫೀಗೆ ಒಂದೊಂದು ಸಂಸಾರಕ್ಕೆ ಒಂದೊಂದು ಪುಟ್ಟ ಮನೆ ಬೇಕಿತ್ತು. ಹಾಲ್ ಮತ್ತು ಸೇನೆ ದೊಡ್ಡ ಬ್ಯಾರಕ್, ಸಾಮೂಹಿಕ ಊಟದ ಮನೆ ಎಂದಿತು. ಬ್ಯಾರಕ್‌ಗಳಲ್ಲಿ ಜನ ಒತ್ತೊತ್ತಾಗಿ ಮಲಗಿದರು, ರೋಗ ಬಿದ್ದಿತು, ಮಕ್ಕಳು ಸಾಯುತ್ತಾ ಹೋದರು. ಕೊನೆಗೆ ಫೀ ಹೇಳಿದಂತೆ ಎರಡೆರಡು ಸಂಸಾರಕ್ಕೆ ಒಂದರಂತೆ ಸುಮಾರು 97 ಚಿಕ್ಕ ಮನೆಗಳನ್ನು ಕಟ್ಟಿದರು. 1865ರಲ್ಲಿ ಅಲ್ಲಿದ್ದವರ ಸಂಖ್ಯೆ 3,000 ದಾಟಿತು.

ಮಿಲ್ಲರ್ ಸಂಸಾರಕ್ಕೆ ಆ ಮನೆಗಳು ಸಿಗಲಿಲ್ಲ. ಆ ಚಳಿಗಾಲದಲ್ಲೇ ಹೆಂಡತಿ ಹೋದಳು, ಉಳಿದ ಮೂರು ಮಕ್ಕಳೂ ಹೋದರು. 1865ರ ಜನವರಿ ಮೊದಲ ವಾರದಲ್ಲಿ ಜೋಸೆಫ್ ಮಿಲ್ಲರ್ ಕೂಡ ಸತ್ತ. ಅಕ್ಟೋಬರ್‌ನಲ್ಲಿ ಬಂದ ಆರು ಜನರಲ್ಲಿ ಯಾರೂ ಉಳಿಯಲಿಲ್ಲ. ಮಾರ್ಚ್ ಕಾಯ್ದೆ ಬರಲು ಇನ್ನೂ ಎರಡು ತಿಂಗಳಿತ್ತು.

ಯುದ್ಧ ಮುಗಿದ ಮೇಲೆ, 1866ರಲ್ಲಿ, ಸರಕಾರ ಆಶ್ರಯಧಾಮವನ್ನು ಮುಚ್ಚಿತು. ಹೋಗಲು ಜಾಗವಿಲ್ಲದ ಕೆಲವು ಸಂಸಾರಗಳು ಅಲ್ಲೇ ಉಳಿದವು. ಫೀ ಶಿಬಿರದ ಜಾಗದಲ್ಲಿ ಒಂದಿಷ್ಟು ನೆಲ ಕೊಂಡು, ಚಿಕ್ಕ ಚಿಕ್ಕ ತುಂಡು ಮಾಡಿ ಅವರಿಗೆ ಮಾರಿದ. ಅವರು ಮನೆ ಕಟ್ಟಿಕೊಂಡರು, ಪಕ್ಕದಲ್ಲಿ ಶಾಲೆ, ಪ್ರಾರ್ಥನಾ ಮನೆ ಕಟ್ಟಿಕೊಂಡರು. ಆ ಊರಿಗೆ ಮೊದಲು ಏರಿಯಲ್ ಎಂದು ಹೆಸರಿತ್ತು, ಈಗ ಹಾಲ್ ಎನ್ನುತ್ತಾರೆ. 2018ರಲ್ಲಿ ಕ್ಯಾಂಪ್ ನೆಲ್ಸನ್ ರಾಷ್ಟ್ರೀಯ ಸ್ಮಾರಕವಾಯಿತು.